ನೆರೆಯ ವಾರದಲ್ಲಿ ಎರಡು ಹ್ಯಾಮ್‌ಸ್ಟರ್‌ಗಳು: ಅಡುಗೆಮನೆಯ ಕಾಳಿನಿಂದ ನಡೆಸಿದ ಪೋಷಣೆಯ ಪ್ರಕರಣ ಅಧ್ಯಯನ

ಸಂದರ್ಭ

2022ರ ಸೆಪ್ಟೆಂಬರ್ 4ರ ಭಾನುವಾರ ರಾತ್ರಿ ಬೆಂಗಳೂರಿನಲ್ಲಿ ಸುರಿದ ಮಳೆ, ಬೆಳಗಾಗುವಷ್ಟರಲ್ಲಿ ಸುಮಾರು 131 ಮಿಲಿಮೀಟರ್ ಮುಟ್ಟಿತ್ತು. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ ನೀರು ಮನೆಗಳಿಗೆ ನುಗ್ಗಿ, ಜನರನ್ನು ಟ್ರ್ಯಾಕ್ಟರ್‌ಗಳಲ್ಲಿಯೂ ದೋಣಿಗಳಲ್ಲಿಯೂ ಹೊರಗೆ ಸಾಗಿಸಬೇಕಾಯಿತು. ಅದೇ ಮಳೆಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪ್‌ಹೌಸ್ ಮುಳುಗಿ, ನಗರಕ್ಕೆ ಬರುವ ಕಾವೇರಿ ನೀರಿನ ಪೂರೈಕೆಯೂ ನಿಂತಿತು. ವಿದ್ಯುತ್ ಇಲ್ಲ, ನಲ್ಲಿಯಲ್ಲಿ ನೀರಿಲ್ಲ, ಮನೆ ಬಾಗಿಲಿಗೆ ಸಾಮಾನು ತಲುಪಿಸುವವರು ಆ ಕಡೆ ಬರುವಂತಿಲ್ಲ. ಈ ಮೂರೂ ಒಟ್ಟಿಗೆ ಒದಗಿದ ಒಂದು ಚಿಕ್ಕ ಅಪಾರ್ಟ್‌ಮೆಂಟಿನಲ್ಲಿ ಎರಡು ಹ್ಯಾಮ್‌ಸ್ಟರ್‌ಗಳಿಗೆ (ಇಲಿ ಜಾತಿಯ ಪುಟ್ಟ ಸಾಕುಪ್ರಾಣಿ) ಬದಲಿ ಆಹಾರ ಹೊಂದಿಸಿದ ಬಗೆಯನ್ನು ಇಲ್ಲಿ ದಾಖಲಿಸಲಾಗಿದೆ. ಮನೆಯವರ ಗುರುತು ಪ್ರಕರಣಕ್ಕೆ ಬೇಕಿಲ್ಲವಾದ್ದರಿಂದ ಅದನ್ನು ಬಿಟ್ಟಿದ್ದೇನೆ.

ಎರಡನೆಯ ಮಹಡಿಯ ಮನೆಯಲ್ಲಿ ದಂಪತಿ, ಶಾಲೆಗೆ ಹೋಗುವ ಮಗಳು ಮತ್ತು ಚಿತ್ರದುರ್ಗದ ಕಡೆಯಿಂದ ಬಂದು ನೆಲೆಸಿದ ಅಜ್ಜಿ ಇದ್ದರು. ಅವರು ಸಾಕಿದ್ದು ವಯಸ್ಕ ಸಿರಿಯನ್ ಹ್ಯಾಮ್‌ಸ್ಟರ್, ತೂಕ 128 ಗ್ರಾಂ. ನೆಲಮಹಡಿಯ ಕುಟುಂಬ ಸೋಮವಾರ ಬೆಳಗ್ಗೆ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಇವರ ಮನೆಗೆ ಹತ್ತಿ ಬಂದಾಗ, ಅವರ ಹುಡುಗ ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ತನ್ನ ಕುಬ್ಜ ಹ್ಯಾಮ್‌ಸ್ಟರನ್ನು ತಂದಿದ್ದ. ಅದು ಕ್ಯಾಂಪ್‌ಬೆಲ್ ತಳಿಯದು, 41 ಗ್ರಾಂ ತೂಗುತ್ತಿತ್ತು. ಅದರ ಆಹಾರದ ಪೊಟ್ಟಣ ನೆಲದ ಕಪಾಟಿನಲ್ಲಿದ್ದುದರಿಂದ ಪೂರ್ತಿ ನೆನೆದಿತ್ತು. ಮೇಲಿನ ಮನೆಯ ಡಬ್ಬಿಯಲ್ಲಿ ಉಳಿದಿದ್ದ ಹ್ಯಾಮ್‌ಸ್ಟರ್ ಆಹಾರ, ತೂಗಿ ನೋಡಿದಾಗ, 60 ಗ್ರಾಂ. ತಿಂಗಳ ಕೊನೆಗೆ ತರಿಸಬೇಕಾಗಿದ್ದ ಪೊಟ್ಟಣ ಗಣೇಶನ ಹಬ್ಬದ ಗಡಿಬಿಡಿಯಲ್ಲಿ ತಡವಾಗಿತ್ತು. ಫೋನಿನಲ್ಲಿ ಸಲಹೆ ಕೇಳಿ ಅವರು ನನ್ನನ್ನು ಸಂಪರ್ಕಿಸಿದ್ದು ಅಂದು ಮಧ್ಯಾಹ್ನ.

ನೆನೆದ ಪೊಟ್ಟಣ ಮತ್ತು ಮೊದಲ ಲೆಕ್ಕ

ಅವರ ಮೊದಲ ಪ್ರಶ್ನೆ ನೆನೆದ ಪೊಟ್ಟಣದ ಬಗ್ಗೆಯೇ ಇತ್ತು: ಅದನ್ನು ಬಾಣಲೆಯಲ್ಲಿ ಬಿಸಿ ಮಾಡಿ ಒಣಗಿಸಿದರೆ ಬಳಸಬಹುದಲ್ಲವೇ? ಬಳಸಬಾರದು. ನಗರದ ನೆರೆ ನೀರೆಂದರೆ ಚರಂಡಿ ನೀರೂ ಹೌದು; ಅದರಲ್ಲಿ ಮಲದ ಸೂಕ್ಷ್ಮಜೀವಿಗಳು, ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಎಂಬ ರೋಗಾಣು, ವಾಹನಗಳ ಎಣ್ಣೆ ಎಲ್ಲವೂ ಬೆರೆತಿರುತ್ತವೆ. ಬಿಸಿ ಮಾಡುವುದರಿಂದ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಸಾಯಬಹುದು, ಆದರೆ ಎಣ್ಣೆಯೂ ರಾಸಾಯನಿಕಗಳೂ ಹೋಗುವುದಿಲ್ಲ. ಒದ್ದೆಯಾದ ಕಾಳಿನಲ್ಲಿ ಒಂದೆರಡು ದಿನದಲ್ಲೇ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ವಿಷಗಳಲ್ಲಿ ಅಫ್ಲಟಾಕ್ಸಿನ್‌ನಂಥವು ಅಡುಗೆಮನೆಯ ಶಾಖಕ್ಕೆ ಬಗ್ಗುವಂಥವಲ್ಲ. ನಲವತ್ತು ಗ್ರಾಂ ತೂಕದ ಪ್ರಾಣಿಗೆ ವಿಷದ ಪ್ರಮಾಣ ಎಷ್ಟು ಕಡಿಮೆ ಸಾಕೆಂದು ಯೋಚಿಸಿದರೆ ಆ ಪೊಟ್ಟಣವನ್ನು ಎಸೆಯಲು ಮನಸ್ಸು ಹಿಂಜರಿಯುವುದಿಲ್ಲ. ಅವರು ಎಸೆದರು.

ಉಳಿದ 60 ಗ್ರಾಂ ಎಷ್ಟು ದಿನಕ್ಕೆ ಸಾಕಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ವಯಸ್ಕ ಸಿರಿಯನ್ ದಿನಕ್ಕೆ ಸುಮಾರು 10 ಗ್ರಾಂ ಒಣ ಆಹಾರ ತಿನ್ನುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ. ಕುಬ್ಜ ತಳಿಗೆ ಸುಮಾರು 5 ಗ್ರಾಂ, ಒಂದು ಟೀ ಚಮಚ ತುಂಬಿದರೆ ಸಾಕು. ಎರಡಕ್ಕೂ ಸೇರಿ ದಿನಕ್ಕೆ 15 ಗ್ರಾಂ ಎಂದರೆ ಡಬ್ಬಿ ನಾಲ್ಕು ದಿನಕ್ಕೆ ಖಾಲಿ. ಅರ್ಧಕ್ಕರ್ಧ ಬೇರೆ ಕಾಳು ಬೆರೆಸಿದರೆ ಎಂಟು ದಿನ, ಮೂರನೇ ಒಂದು ಪಾಲು ಮಾತ್ರ ಹಾಕಿದರೆ ಹನ್ನೆರಡು ದಿನ ಬರುತ್ತದೆ.

ಮನೆಯವರ ಸಹಜ ಆಲೋಚನೆ ಹೀಗಿತ್ತು: ಇರುವುದನ್ನು ಮೊದಲು ಹಾಕೋಣ, ಮುಗಿದ ಮೇಲೆ ಬದಲಿ ನೋಡೋಣ, ಅಷ್ಟರಲ್ಲಿ ನೀರು ಇಳಿದರೆ ಬದಲಿಯೇ ಬೇಕಾಗಲಿಕ್ಕಿಲ್ಲ. ಕೇಳಲು ಸರಿಯೆನಿಸುವ ಈ ಯೋಚನೆಯಲ್ಲಿಯೇ ಇಂಥ ಪ್ರಕರಣಗಳ ನಿಜವಾದ ಅಪಾಯ ಅಡಗಿದೆ ಎಂದು ನನ್ನ ಅಭಿಪ್ರಾಯ. ಹ್ಯಾಮ್‌ಸ್ಟರ್‌ನ ಹೊಟ್ಟೆಯಲ್ಲಿ ಎರಡು ಭಾಗಗಳಿವೆ. ಮುಂಭಾಗದ ಜಠರದಲ್ಲಿ ಸೂಕ್ಷ್ಮಜೀವಿಗಳು ಆಹಾರವನ್ನು ಹುಳಿಸುವ ಕೆಲಸ ನಡೆಸುತ್ತವೆ, ಕರುಳಿನ ಕೊನೆಯ ಭಾಗದಲ್ಲಿಯೂ ಅಂಥದೇ ಒಂದು ಸಮುದಾಯವಿದೆ. ಆಹಾರ ಇದ್ದಕ್ಕಿದ್ದಂತೆ ಬದಲಾದರೆ ಈ ಸಮುದಾಯ ಏರುಪೇರಾಗಿ ಭೇದಿಗೆ ದಾರಿಯಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಹೊಸ ಆಹಾರಕ್ಕೆ ಒಗ್ಗಿಸಲು ಒಂದು ವಾರದಿಂದ ಹತ್ತು ದಿನ ತೆಗೆದುಕೊಳ್ಳುವುದು ವಾಡಿಕೆ. ಡಬ್ಬಿ ಬರಿದಾದ ದಿನ ಬದಲಿಯನ್ನು ಆರಂಭಿಸಿದರೆ ಬೆರೆಸುವುದಕ್ಕೆ ಹಳೆಯದೇ ಉಳಿದಿರುವುದಿಲ್ಲ. ಹೀಗಾಗಿ ಮೊದಲ ರಾತ್ರಿಯಿಂದಲೇ ಬೆರೆಸಬೇಕೆಂದು ನಿರ್ಧಾರವಾಯಿತು: ಅಂದು ಮುಕ್ಕಾಲು ಪಾಲು ಹಳೆಯದು, ಕಾಲು ಪಾಲು ಹೊಸದು, ಮರುದಿನದಿಂದ ಅರ್ಧಕ್ಕರ್ಧ. ನೀರು ಎರಡೇ ದಿನದಲ್ಲಿ ಇಳಿದುಬಿಟ್ಟರೂ ಇದರಿಂದ ನಷ್ಟವೇನೂ ಇರಲಿಲ್ಲ.

ಕಾಳಿನ ಡಬ್ಬಿಗಳು

ಈ ಪ್ರಾಣಿ ಮೂಲತಃ ಹೊಲದ್ದು. ಇಂದು ಮನೆಗಳಲ್ಲಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಹೆಚ್ಚಿನವುಗಳ ವಂಶ, 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿ ಗೋಧಿ ಹೊಲವೊಂದನ್ನು ಅಗೆಸಿ ಹಿಡಿದ ತಾಯಿ-ಮರಿಗಳಿಗೆ ಹೋಗಿ ಮುಟ್ಟುತ್ತದೆ. ಕಾಳು, ಬೀಜ, ಎಳೆಸೊಪ್ಪು, ಸಿಕ್ಕಿದಾಗ ಹುಳುಹುಪ್ಪಟೆ ಇವೇ ಅದರ ಸಹಜ ಆಹಾರ. ಅಂಗಡಿಯ ಬಣ್ಣದ ಪೊಟ್ಟಣದ ಚಿತ್ರ ಕಣ್ಣಿಗೆ ಕಟ್ಟಿರುವವರಿಗೆ ಇದು ಮರೆತುಹೋಗುತ್ತದೆ, ಅಜ್ಜಿಗೆ ಮರೆತಿರಲಿಲ್ಲ. ಸೊಸೆ ಆತಂಕದಿಂದ ಫೋನಿನಲ್ಲಿ ಮಾತನಾಡುತ್ತಿದ್ದಾಗ ಹಿಂದಿನಿಂದ ಅವರ ಧ್ವನಿ ಕೇಳಿಸಿತು: “ಹೊಲದ ಇಲಿಗೆ ನವಣೆ ಹಾಕಿದ್ರೆ ಬೇಡ ಅಂತದೇನಮ್ಮಾ?” ಅವರ ಮಾತು ಸರಿಯಾಗಿತ್ತು. ಹೊರದೇಶಗಳಲ್ಲಿ ಹ್ಯಾಮ್‌ಸ್ಟರ್ ಸಾಕುವವರು ವಿಶೇಷ ತಿನಿಸೆಂದು ದುಡ್ಡು ಕೊಟ್ಟು ತರುವ ಒಣಗಿದ ತೆನೆ ನಮ್ಮ ನವಣೆಯದೇ.

ಆ ಮನೆಯಲ್ಲಿ ಸಿರಿಧಾನ್ಯದ ಬಳಕೆ ಇದ್ದುದು ಅನುಕೂಲವಾಯಿತು. ನವಣೆ ಅಕ್ಕಿ ಇತ್ತು, ಹುರಿಹಿಟ್ಟು ಮಾಡಿಸಲೆಂದು ತಂದಿಟ್ಟ ಇಡೀ ರಾಗಿ ಇತ್ತು, ಗೋಧಿ ನುಚ್ಚು ಇತ್ತು, ಉಪ್ಪು-ಸಕ್ಕರೆ ಸೇರದ ಸಾದಾ ಓಟ್ಸ್ ಇತ್ತು. ಇವುಗಳಲ್ಲಿ ನವಣೆಯನ್ನು ಮುಖ್ಯವಾಗಿ ತೆಗೆದುಕೊಂಡದ್ದಕ್ಕೆ ಕಾರಣ ಪ್ರೋಟೀನು: ನವಣೆಯಲ್ಲಿ ಅದು ನೂರಕ್ಕೆ ಸುಮಾರು 12, ರಾಗಿಯಲ್ಲಿ 7ರಷ್ಟು, ಅಕ್ಕಿಯಲ್ಲಿಯೂ 7-8ರ ಆಸುಪಾಸು. ರಾಗಿಯಲ್ಲಿ ಪ್ರೋಟೀನು ಕಡಿಮೆಯಾದರೂ ನೂರು ಗ್ರಾಮಿಗೆ 340 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ, ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಆದ್ದರಿಂದ ಅದನ್ನು ಬಿಡಲಿಲ್ಲ. ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿದ್ದುದು ಅಕ್ಕಿ. ಅದು ವಿಷವಲ್ಲ, ಬೇರೇನೂ ಇಲ್ಲದಿದ್ದರೆ ಒಂದೆರಡು ದಿನ ಅಕ್ಕಿ ನುಚ್ಚಿನಲ್ಲೇ ಕಳೆಯಬಹುದು, ಆದರೆ ಪಾಲಿಷ್ ಮಾಡಿದ ಅಕ್ಕಿಯಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನೂ ಉಳಿದಿರುವುದಿಲ್ಲ. ಅನ್ನದ ವಿಷಯ ಬೇರೆ: ಅಂಟು ಅಗುಳು, ಹ್ಯಾಮ್‌ಸ್ಟರ್ ಕಾಳು ತುಂಬಿಕೊಳ್ಳುವ ಕೆನ್ನೆಚೀಲದ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ, ಗೂಡಿನ ಮೂಲೆಯಲ್ಲಿ ಬಚ್ಚಿಟ್ಟರೆ ಒಂದೇ ರಾತ್ರಿಯಲ್ಲಿ ಹಳಸುತ್ತದೆ.

ಧಾನ್ಯವೊಂದರಿಂದಲೇ ಕೆಲಸ ನಡೆಯದು, ಏಕೆಂದರೆ ಹ್ಯಾಮ್‌ಸ್ಟರ್ ಆಹಾರದಲ್ಲಿ ಪ್ರೋಟೀನು ನೂರಕ್ಕೆ 16ರಿಂದ 20ರವರೆಗೆ ಇರಬೇಕು. ಆ ಕೊರತೆಯನ್ನು ತುಂಬಲು ಹುರಿಗಡಲೆಯನ್ನು ಆರಿಸಿಕೊಂಡೆವು. ಅದು ಈಗಾಗಲೇ ಶಾಖ ಕಂಡ ಕಾಳು, ಒಣಗಿರುತ್ತದೆ, ಕೆಡುವುದಿಲ್ಲ, ಪ್ರೋಟೀನು ನೂರಕ್ಕೆ 20ಕ್ಕೂ ಮೇಲಿದೆ. ಉಪ್ಪು, ಅರಿಶಿನ ಸವರಿದ ಹುರಿಗಡಲೆಯೂ ಅಂಗಡಿಗಳಲ್ಲಿ ಸಿಗುವುದರಿಂದ ಒಂದು ಕಾಳನ್ನು ಬಾಯಿಗೆ ಹಾಕಿ ನೋಡಲು ಹೇಳಿದೆ. ಚಟ್ನಿಗೆಂದು ತಂದದ್ದಾದ್ದರಿಂದ ಸಪ್ಪೆಯಾಗಿಯೇ ಇತ್ತು. ನೂರು ಗ್ರಾಂ ಮಿಶ್ರಣಕ್ಕೆ ನವಣೆ 30, ರಾಗಿ 20, ಓಟ್ಸ್ 15, ಗೋಧಿ ನುಚ್ಚು 10, ಮುರಿದ ಹುರಿಗಡಲೆ 25 ಗ್ರಾಂ ಎಂದು ಲೆಕ್ಕ ಹಾಕಿದಾಗ ಪ್ರೋಟೀನು ಹದಿಮೂರೂವರೆಯ ಸುಮಾರಿಗೆ ಬರುತ್ತದೆ. ಹಳೆಯ ಆಹಾರದ ಪೊಟ್ಟಣದ ಮೇಲೆ 18 ಎಂದಿತ್ತು. ಎರಡನ್ನೂ ಸಮಸಮ ಬೆರೆಸಿದರೆ 16ರ ಹತ್ತಿರ ನಿಲ್ಲುತ್ತದೆ. ಎಂಟು-ಹತ್ತು ದಿನದ ಮಟ್ಟಿಗೆ ವಯಸ್ಕ ಪ್ರಾಣಿಗೆ ಇದು ಧಾರಾಳ. ಬಸುರಿ ಅಥವಾ ಮರಿ ಹಾಕಿದ ಹ್ಯಾಮ್‌ಸ್ಟರ್ ಆಗಿದ್ದರೆ ನಾನು ಇಷ್ಟು ನಿಶ್ಚಿಂತೆಯಿಂದ ಹೇಳುತ್ತಿರಲಿಲ್ಲ, ಆಹಾರದ ಕೊರತೆಯಲ್ಲಿ ತಾಯಿ ಮರಿಗಳನ್ನು ತಿಂದುಬಿಡುವುದೂ ಉಂಟು.

ಮೇಲೆ ಸೇರಿಸಲು ಮೊಟ್ಟೆ ಇತ್ತು. ಗಟ್ಟಿಯಾಗಿ ಬೇಯಿಸಿದ ಮೊಟ್ಟೆಯ ಬಟಾಣಿ ಗಾತ್ರದ ಚೂರು ಸಿರಿಯನ್‌ಗೆ, ಅದರ ಅರ್ಧ ಕುಬ್ಜಕ್ಕೆ, ದಿನ ಬಿಟ್ಟು ದಿನ. ಫ್ರಿಜ್ ನಿಂತುಹೋಗಿದ್ದುದರಿಂದ ಕೊಡುವ ಹೊತ್ತಿಗೇ ಬೇಯಿಸಿ, ಉಳಿದದ್ದನ್ನು ಮನೆಯವರೇ ತಿಂದು, ಎರಡು ಗಂಟೆಯ ನಂತರ ಪಂಜರದಲ್ಲಿ ತುಣುಕು ಉಳಿದಿದ್ದರೆ ತೆಗೆಯಬೇಕೆಂಬ ನಿಯಮ ಮಾಡಿಕೊಂಡರು. ಮೊಟ್ಟೆ ತಿನ್ನದ ಮನೆಯಾಗಿದ್ದರೆ ಮೊಳಕೆ ಬಂದ ಹೆಸರುಕಾಳನ್ನೋ ಉಪ್ಪಿಲ್ಲದ ಪನೀರಿನ ಚೂರನ್ನೋ ಹೇಳುತ್ತಿದ್ದೆ. ಕಡಲೆಕಾಯಿ ಬೀಜ, ಸೂರ್ಯಕಾಂತಿ ಬೀಜಗಳಲ್ಲಿ ಪ್ರೋಟೀನು ಇದೆಯಾದರೂ ತೂಕದಲ್ಲಿ ಸುಮಾರು ಅರ್ಧದಷ್ಟು ಎಣ್ಣೆಯೇ ಆಗಿರುವುದರಿಂದ ದಿನಕ್ಕೆ ಒಂದೆರಡು ಬೀಜಕ್ಕಿಂತ ಹೆಚ್ಚು ಬೇಡ. ಮಳೆಗಾಲದ ಕಡಲೆಕಾಯಿ ಬೀಜದಲ್ಲಿ ಮುಗ್ಗಲು ವಾಸನೆ ಬಂದರೆ, ಸುಕ್ಕಿದ್ದರೆ, ಬಣ್ಣ ತಿರುಗಿದ್ದರೆ ಅದೂ ಬೇಡ.

ಬೇಡವೆಂದು ತೆಗೆದಿಟ್ಟವು

ಹಬ್ಬ ಮುಗಿದು ನಾಲ್ಕೈದು ದಿನವಷ್ಟೇ ಆಗಿದ್ದುದರಿಂದ ಮನೆಯಲ್ಲಿ ಚಕ್ಕುಲಿ, ಕೋಡುಬಳೆ, ಪಂಚಕಜ್ಜಾಯ ಉಳಿದಿದ್ದವು. ಮಕ್ಕಳಿಗೆ ಇವೇ ಮೊದಲು ನೆನಪಾದವು. ಚಕ್ಕುಲಿ-ಕೋಡುಬಳೆಯಲ್ಲಿ ಉಪ್ಪು, ಖಾರ, ಕರಿದ ಎಣ್ಣೆ ಮೂರೂ ಇವೆ. ಚೂಪಾಗಿ ಮುರಿಯುವ ಅವುಗಳ ಅಂಚು ಕೆನ್ನೆಚೀಲವನ್ನು ಗೀರಬಹುದು. ಈ ಚೀಲ ಬಾಯಿಂದ ಭುಜದವರೆಗೆ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಒಳಗೆ ಏನಾದರೂ ಚುಚ್ಚಿ ಕೀವಾದರೆ ಹೊರಗಿನಿಂದ ತಿಳಿಯುವಾಗ ತಡವಾಗಿರುತ್ತದೆ. ಪಂಚಕಜ್ಜಾಯದ ಬೆಲ್ಲ ಅಲ್ಲಿಯೇ ಅಂಟಿಕೊಳ್ಳುವ ಇನ್ನೊಂದು ಬಗೆಯ ತೊಂದರೆ. ನೆಲಮಹಡಿಯ ತಾಯಿ ಮೊಸರನ್ನ ಸೂಚಿಸಿದರು. ಮನುಷ್ಯರ ಕೆಟ್ಟ ಹೊಟ್ಟೆಗೆ ನಮ್ಮಲ್ಲಿ ಮೊದಲ ಮದ್ದು ಅದೇ, ಆದರೆ ಉಪ್ಪು, ಒಗ್ಗರಣೆ, ಒದ್ದೆ ಅನ್ನ ಸೇರಿದ ಮೊಸರನ್ನ ಹ್ಯಾಮ್‌ಸ್ಟರ್‌ಗೆ ಮದ್ದಾಗುವುದಿಲ್ಲ. ಹಾಲನ್ನೂ ಕೊಡಬಾರದು, ಅದರ ಸಕ್ಕರೆ ವಯಸ್ಕ ಪ್ರಾಣಿಗೆ ಸರಿಯಾಗಿ ಜೀರ್ಣವಾಗದೆ ಭೇದಿಯಾಗಬಹುದು.

ಹೆಚ್ಚು ಎಚ್ಚರ ಬೇಕಾದದ್ದು ಓಟ್ಸ್ ವಿಷಯದಲ್ಲಿ. ಕಪಾಟಿನಲ್ಲಿ ಎರಡು ಪೊಟ್ಟಣಗಳಿದ್ದವು, ಒಂದು ಸಾದಾ, ಇನ್ನೊಂದು ಮಸಾಲೆಯದು. ಮಸಾಲೆ ಓಟ್ಸ್‌ನಲ್ಲಿ ಉಪ್ಪಿನ ಜೊತೆಗೆ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಇರುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ, ಬೆಂದಿರಲಿ, ಪುಡಿಯಾಗಿರಲಿ, ಸಣ್ಣ ಪ್ರಾಣಿಗಳ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಅರ್ಜೆಂಟಿನಲ್ಲಿ, ಮೊಬೈಲ್ ಬೆಳಕಿನಲ್ಲಿ, ಈ ಎರಡು ಪೊಟ್ಟಣಗಳು ಅದಲುಬದಲಾಗುವುದು ಸುಲಭ ಎಂದು ಮಸಾಲೆಯದನ್ನು ಬೇರೆ ಕಪಾಟಿಗೆ ಸೇರಿಸಿದರು. ಸಕ್ಕರೆ ಲೇಪಿಸಿದ ಕಾರ್ನ್‌ಫ್ಲೇಕ್ಸ್, ಗ್ಲೂಕೋಸ್ ಬಿಸ್ಕತ್ತು ಸಹ ಹೊರಗಾದವು. ಮಂಡಕ್ಕಿಯಲ್ಲಿ ಮಾಡುವಾಗಲೇ ಉಪ್ಪು ಸೇರಿರುತ್ತದೆ; ಹೊಟ್ಟೆ ತುಂಬಿದಂತೆ ಕಂಡರೂ ಅದರಲ್ಲಿ ಸತ್ವವಿಲ್ಲ.

ತರಕಾರಿ ಬುಟ್ಟಿಯಲ್ಲಿ ಆಲೂಗಡ್ಡೆ ಹಸಿಯಾಗಿ ಕೊಡುವಂತಿಲ್ಲ. ಹಸಿರು ತಿರುಗಿದ್ದು, ಮೊಳಕೆಯೊಡೆದದ್ದು ಇನ್ನೂ ಅಪಾಯ. ಟೊಮೇಟೊ ಗಿಡದ ಎಲೆ-ತೊಟ್ಟು, ನಿಂಬೆ-ಕಿತ್ತಳೆ ಜಾತಿಯ ಹಣ್ಣು, ಬೆಣ್ಣೆಹಣ್ಣು, ಸೇಬಿನ ಬೀಜ, ಚಾಕೊಲೇಟ್, ಕಾಫಿ-ಟೀ ಯಾವುದೂ ಬೇಡ. ಕಾಳುಗಳಲ್ಲಿ ಮುಖ್ಯವಾಗಿ ದೂರವಿಡಬೇಕಾದದ್ದು ರಾಜ್ಮಾ. ಹಸಿ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಪ್ರೋಟೀನು ಮನುಷ್ಯರಿಗೇ ವಾಂತಿ-ಭೇದಿ ತರಿಸುತ್ತದೆ. ಮನುಷ್ಯ ಕನಿಷ್ಠ ವಾಂತಿಯನ್ನಾದರೂ ಮಾಡಿಕೊಳ್ಳುತ್ತಾನೆ, ಇಲಿ ಜಾತಿಯ ಪ್ರಾಣಿಗಳಿಗೆ ಆ ಶಕ್ತಿಯೂ ಇಲ್ಲ, ಒಳಗೆ ಹೋದದ್ದು ಒಳಗೇ ಉಳಿಯುತ್ತದೆ. ಹುರಿಗಡಲೆ, ಮೊಳಕೆ ಬಂದ ಹೆಸರುಕಾಳು ಬಿಟ್ಟು ಬೇರೆ ಬೇಳೆಕಾಳುಗಳನ್ನು ಕೊಡುವುದಾದರೆ ಉಪ್ಪಿಲ್ಲದೆ ಮೆತ್ತಗೆ ಬೇಯಿಸಿಯೇ ಕೊಡಬೇಕು.

ಎದುರು ಮನೆಯವರು ತಮ್ಮ ನಾಯಿಯ ಒಣ ಆಹಾರವನ್ನು ಕೊಡಲು ಮುಂದೆ ಬಂದರು. ಇದನ್ನು ಅನೇಕರು ಥಟ್ಟನೆ ನಿರಾಕರಿಸುತ್ತಾರೆ, ನಾನು ನಿರಾಕರಿಸುವುದಿಲ್ಲ. ಬೆಳ್ಳುಳ್ಳಿ-ಈರುಳ್ಳಿ ಇಲ್ಲವೆಂದು ಖಚಿತವಿದ್ದರೆ, ಚಿಕ್ಕ ಗಾತ್ರದ ಒಂದು ಗುಳಿಗೆ ಸಿರಿಯನ್‌ಗೆ ಮೊಟ್ಟೆಯ ಬದಲು ಪ್ರೋಟೀನು ಒದಗಿಸುತ್ತದೆ. ಅದನ್ನೇ ದಿನದ ಊಟ ಮಾಡಬಾರದು. ಲವ್ ಬರ್ಡ್ಸ್‌ಗೆಂದು ಮಾರುವ ಕಾಳು ನವಣೆ, ಸಾಮೆಯಂಥವುಗಳ ಮಿಶ್ರಣವೇ ಆಗಿರುವುದರಿಂದ ಬಣ್ಣ ಹಾಕಿರದಿದ್ದರೆ ಬಹಳ ಒಳ್ಳೆಯ ಆಧಾರ. ಸಿಪ್ಪೆ ಇರುವ ಕಾಳಾದರೆ ಬಿಡಿಸಿ ತಿನ್ನುವ ಕೆಲಸವೂ ಹ್ಯಾಮ್‌ಸ್ಟರ್‌ಗೆ ಸಿಗುತ್ತದೆ. ಮೊಲದ ಗುಳಿಗೆಯಲ್ಲಿ ನಾರು ಜಾಸ್ತಿ, ಪ್ರೋಟೀನು ಕಡಿಮೆ. ಹಾನಿಯಿಲ್ಲ, ಸಾಲದು ಅಷ್ಟೆ. ಸಿಗುವುದಾದರೆ ಇಲಿಗಳಿಗೆಂದೇ ತಯಾರಿಸಿದ ಗುಳಿಗೆ ಇವೆಲ್ಲಕ್ಕಿಂತ ಹತ್ತಿರದ ಬದಲಿ.

ನೀರು, ಕಣಜ, ಜಾಗ

ಹ್ಯಾಮ್‌ಸ್ಟರ್ ಕಡಿಮೆ ತಿಂದು ಒಂದು ದಿನ ಕಳೆದೀತು, ನೀರಿಲ್ಲದೆ ಒಣ ಕಾಳು ತಿನ್ನಲಾರದು. ನೂರು ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 10 ಮಿಲಿಲೀಟರ್ ನೀರು ಬೇಕು. ಎರಡಕ್ಕೂ ಸೇರಿ ಅರ್ಧ ಕಾಫಿ ಲೋಟದಷ್ಟೂ ಆಗುವುದಿಲ್ಲ. ನೆಲದೊಳಗಿನ ಸಂಪಿಗೆ ನೆರೆ ನೀರು ಸೇರಿದ್ದುದರಿಂದ ಮೇಲಿನ ಟ್ಯಾಂಕಿನ ನೀರನ್ನೂ ನಂಬುವಂತಿರಲಿಲ್ಲ. ಮನೆಯವರು ಕುಡಿಯುವ ಕ್ಯಾನ್ ನೀರನ್ನೇ ಪ್ರಾಣಿಗಳಿಗೂ ಕೊಟ್ಟು, ನೀರಿನ ಬಾಟಲಿಯ ಮೂತಿಯನ್ನು ಬಿಸಿನೀರಿನಲ್ಲಿ ತೊಳೆದರು. ಕುಬ್ಜದ ಬಾಟಲಿ ಕೆಳಗೇ ಉಳಿದಿದ್ದುದರಿಂದ ಭಾರದ ಒಂದು ಚಿಕ್ಕ ಪಿಂಗಾಣಿ ಬಟ್ಟಲನ್ನು ಬುಟ್ಟಿಯ ಮೂಲೆಯಲ್ಲಿಟ್ಟರು.

ಅತಿಥಿಗಳು ಬಂದರೆಂದು ಸಿರಿಯನ್‌ನ ಪಂಜರವನ್ನು ಸ್ವಚ್ಛಗೊಳಿಸಲು ಮಗಳು ಹೊರಟಿದ್ದಳು. ಅದನ್ನು ತಡೆಯಬೇಕಾಯಿತು. ಹಾಸಿನ ಕೆಳಗೆ ಅದು ಕೂಡಿಟ್ಟ ಕಾಳಿನ ಕಣಜವಿತ್ತು, ತೂಗದಿದ್ದರೂ ಎರಡು-ಮೂರು ದಿನದ ಮೇವು ಅದರಲ್ಲಿತ್ತು. ಒದ್ದೆಯಾದುದನ್ನು ಮಾತ್ರ ಆರಿಸಿ ತೆಗೆದು ಒಣಗಿದ್ದನ್ನು ಇದ್ದಲ್ಲಿಯೇ ಬಿಟ್ಟರು. ಕಣಜ ಕಾಣೆಯಾದರೆ ಹ್ಯಾಮ್‌ಸ್ಟರ್ ಕಂಗಾಲಾಗುತ್ತದೆ, ತಿನ್ನುವುದನ್ನು ಬಿಟ್ಟು ಮತ್ತೆ ಕೂಡಿಡುವುದರಲ್ಲಿ ತೊಡಗುತ್ತದೆ. ಆಗ ಬಟ್ಟಲು ಖಾಲಿಯಾದದ್ದು ಹಸಿವಿನಿಂದಲೋ ಸಂಗ್ರಹಕ್ಕಾಗಿಯೋ ಎಂದು ಮನೆಯವರಿಗೂ ತಿಳಿಯುವುದಿಲ್ಲ. ಆ ಕಣಜದಿಂದ ಒಂದು ಹಿಡಿ ತೆಗೆದು ಕುಬ್ಜಕ್ಕೆ ಕೊಡೋಣವೆಂಬ ಸಲಹೆಯನ್ನು ರೋಗ ಹರಡುವ ಕಾರಣಕ್ಕೆ ಒಪ್ಪಲಿಲ್ಲ. ಜಾಗದ ಅಭಾವವಿದೆಯೆಂದು ಎರಡನ್ನೂ ಒಂದೇ ಪಂಜರಕ್ಕೆ ಬಿಡುವ ಮಾತಂತೂ ಇಲ್ಲವೇ ಇಲ್ಲ; ಸಿರಿಯನ್ ಒಂಟಿಯಾಗಿ ಬಾಳುವ ಪ್ರಾಣಿ, ಕುಬ್ಜವನ್ನು ಕೊಂದೇಬಿಡಬಹುದು. ಕುಬ್ಜದ ಬುಟ್ಟಿಯನ್ನು ಬೇರೆ ಕೋಣೆಯಲ್ಲಿಟ್ಟು, ಮುದ್ರಣವಿಲ್ಲದ ಟಿಶ್ಯೂ ಕಾಗದವನ್ನು ಹರಿದು ಹಾಸಿದರು.

ಮೂರನೆಯ ದಿನ

ಬುಧವಾರ ಬೆಳಗ್ಗೆ ಕುಬ್ಜದ ಹಿಕ್ಕೆ ಮೆತ್ತಗಾಗಿರುವುದು ಕಂಡಿತು. ವಿಚಾರಿಸಿದಾಗ, ಹಿಂದಿನ ರಾತ್ರಿ ಹುಡುಗ ತನ್ನ ಪಾಲಿನ ಸೌತೆಕಾಯಿ ಮತ್ತು ಬಾಳೆಹಣ್ಣಿನ ತುಂಡುಗಳನ್ನು ಯಾರಿಗೂ ಹೇಳದೆ ಅದಕ್ಕೆ ಕೊಟ್ಟಿದ್ದನೆಂದು ತಿಳಿಯಿತು. ಹುಡುಗನದೇನೂ ತಪ್ಪಿಲ್ಲ, ತನ್ನ ಪ್ರಾಣಿ ಪರರ ಮನೆಯಲ್ಲಿ ಪರರ ಕಾಳು ತಿನ್ನುತ್ತಿದೆಯೆಂಬ ಸಂಕಟ ಅವನಿಗಿತ್ತು. ಸೌತೆಕಾಯಿಯಲ್ಲಿ ಬಹುಪಾಲು ನೀರೇ ಇರುವುದರಿಂದ ಉಗುರಿನಷ್ಟು ಚೂರು ಸಾಕು, ಅಷ್ಟು ಕೊಟ್ಟಿದ್ದರೆ ತೊಂದರೆಯಿರಲಿಲ್ಲ. ಬಾಳೆಹಣ್ಣು ಎರಡು ಕಾರಣಕ್ಕೆ ಬೇಡ: ಅಂಟುತ್ತದೆ, ಸಿಹಿ ಹೆಚ್ಚು. ಕ್ಯಾಂಪ್‌ಬೆಲ್ ತಳಿಯ ಹ್ಯಾಮ್‌ಸ್ಟರ್‌ಗಳಲ್ಲಿ ಮಧುಮೇಹದ ಒಲವು ಹುಟ್ಟಿನಿಂದಲೇ ಇರುವುದುಂಟು. ಸಿರಿಯನ್‌ಗೆ ಬೀಜ ತೆಗೆದ ಸೇಬಿನ ಸಣ್ಣ ಚೂರನ್ನು ಕೊಡಬಹುದಾದ ಸಂದರ್ಭದಲ್ಲಿಯೂ ಕುಬ್ಜಕ್ಕೆ ಹಣ್ಣು ಬೇಡವೆನ್ನುವುದು ಇದಕ್ಕೇ.

ಹ್ಯಾಮ್‌ಸ್ಟರ್‌ನ ಭೇದಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ವೆಟ್ ಟೇಲ್ ಎಂದು ಕರೆಯುವ ಕರುಳಿನ ಕಾಯಿಲೆ, ಲಾಸೋನಿಯಾ ಎಂಬ ಬ್ಯಾಕ್ಟೀರಿಯಾದಿಂದ ಬರುವಂಥದು, ಮುಖ್ಯವಾಗಿ ಎಳೆಯ ಸಿರಿಯನ್‌ಗಳನ್ನು ಕಾಡುತ್ತದೆ. ಸ್ಥಳ ಬದಲಾವಣೆ, ಇಕ್ಕಟ್ಟು, ಆಹಾರದ ಏರುಪೇರು ಅದನ್ನು ಕೆರಳಿಸುತ್ತವೆ, ಎರಡು ದಿನದಲ್ಲಿ ಪ್ರಾಣ ಹೋಗಬಹುದು. ಈ ಕುಬ್ಜದಲ್ಲಿ ಹಿಂಭಾಗ ಒದ್ದೆಯಾಗಿರಲಿಲ್ಲ, ದುರ್ವಾಸನೆಯಿರಲಿಲ್ಲ, ಬೆನ್ನು ಗೂನಾಗಿಸಿ ಕುಳಿತಿರಲಿಲ್ಲ, ಕೈ ಹತ್ತಿರ ತಂದರೆ ಚುರುಕಾಗಿ ಮೂಸುತ್ತಿತ್ತು. ತೂಕ 39 ಗ್ರಾಂ ಇತ್ತು. ಅಡುಗೆಮನೆಯ ಬ್ಯಾಟರಿ ತಕ್ಕಡಿಯ ಮೇಲೆ ಸ್ಟೀಲ್ ಡಬ್ಬಿಯನ್ನಿಟ್ಟು ದಿನವೂ ಒಂದೇ ಹೊತ್ತಿಗೆ ತೂಗುತ್ತಿದ್ದುದರಿಂದ ಇಳಿದದ್ದು ಎರಡೇ ಗ್ರಾಂ, ಅಂದರೆ ನೂರಕ್ಕೆ ಐದರಷ್ಟು ಎಂದು ಖಚಿತವಾಗಿ ಹೇಳಲು ಸಾಧ್ಯವಾಯಿತು. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ರೋಮದ ಕೆಳಗೆ ಎರಡು ಗ್ರಾಂ ಯಾರಿಗೂ ಕಾಣದು.

ಪಶುವೈದ್ಯರೊಬ್ಬರನ್ನು ಫೋನಿನಲ್ಲಿ ಸಂಪರ್ಕಿಸಲಾಯಿತು. ಅವರ ಸೂಚನೆಯಂತೆ ತರಕಾರಿ, ಮೊಟ್ಟೆ ಎರಡನ್ನೂ ನಿಲ್ಲಿಸಿ, ಹಳೆಯ ಆಹಾರದ ಪಾಲನ್ನು ಕುಬ್ಜಕ್ಕೆ ಮಾತ್ರ ಮುಕ್ಕಾಲಿಗೆ ಏರಿಸಿ, ಜೊತೆಗೆ ಒಣ ಓಟ್ಸ್ ಕೊಟ್ಟರು. ಸಂಜೆಯೊಳಗೆ ಹಿಂಭಾಗ ಒದ್ದೆಯಾದರೆ, ನೀರು ಕುಡಿಯುವುದನ್ನು ಬಿಟ್ಟರೆ ಅಥವಾ ತೂಕ 37 ಗ್ರಾಂಗೆ ಇಳಿದರೆ ಟ್ರ್ಯಾಕ್ಟರ್ ಹತ್ತಿಸಿಯಾದರೂ ಕರೆತರಬೇಕೆಂದು ಗಡಿ ಹಾಕಿದರು. ಮನೆಯಲ್ಲಿ ಯಾರೋ ಕೆಮ್ಮಿಗೆ ತಂದ ಅಮಾಕ್ಸಿಸಿಲಿನ್ ಇದೆ, ಚೂರು ಪುಡಿ ಮಾಡಿ ಹಾಕೋಣವೇ ಎಂಬ ಮಾತು ಬಂದಾಗ ವೈದ್ಯರು ಧ್ವನಿ ಏರಿಸಿ ಬೇಡವೆಂದರಂತೆ. ಪೆನಿಸಿಲಿನ್ ವರ್ಗದ ಔಷಧಗಳು ಹ್ಯಾಮ್‌ಸ್ಟರ್‌ನ ಕರುಳಿನ ಉಪಕಾರಿ ಜೀವಿಗಳನ್ನು ಕೊಂದು ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾಕ್ಕೆ ಜಾಗ ಮಾಡಿಕೊಡುತ್ತವೆ, ಅದರ ವಿಷದಿಂದ ಪ್ರಾಣಿ ಸಾಯುತ್ತದೆ. ಕಾಯಿಲೆಗಿಂತ ಆ ಪುಡಿಯೇ ಬೇಗ ಕೊಲ್ಲುತ್ತಿತ್ತು. ಸಂಜೆಗೆ ಹಿಕ್ಕೆ ಗಟ್ಟಿಯಾಗತೊಡಗಿ, ಗುರುವಾರ ಮಾಮೂಲಿನಂತಾಯಿತು. ಶುಕ್ರವಾರ ತೂಕ 40, ಭಾನುವಾರ 41. ಸಿರಿಯನ್ ಈ ಅವಧಿಯಲ್ಲಿ 126ಕ್ಕೆ ಇಳಿದು 129ಕ್ಕೆ ಏರಿತು. ಅದಕ್ಕೆ ಯಾವ ತೊಂದರೆಯೂ ಆಗಲಿಲ್ಲ.

ಹಳೆಯ ಆಹಾರಕ್ಕೆ ಮರಳಿದ್ದು

ಮುಂದಿನ ಸೋಮವಾರ ಹೊಸ ಪೊಟ್ಟಣ ಕೈ ಸೇರಿತು. ಡಬ್ಬಿಯಲ್ಲಿ ಆಗಲೂ ಸ್ವಲ್ಪ ಹಳೆಯ ಆಹಾರ ಉಳಿದಿತ್ತು. ತೊಂದರೆ ಕಳೆಯಿತೆಂದು ಅಂದೇ ಬಟ್ಟಲು ತುಂಬ ಹೊಸ ಆಹಾರ ಹಾಕಿದರೆ ಅದೂ ಒಂದು ಹಠಾತ್ ಬದಲಾವಣೆಯೇ. ಅಂಗಡಿಯಲ್ಲಿ ಸಿಕ್ಕಿದ್ದು ಬೇರೆ ಕಂಪನಿಯ ಪೊಟ್ಟಣವಾಗಿದ್ದುದರಿಂದ ಆ ಎಚ್ಚರ ಇನ್ನೂ ಅಗತ್ಯವಾಗಿತ್ತು. ಒಂದು ವಾರದುದ್ದಕ್ಕೂ ಕಾಳಿನ ಮಿಶ್ರಣವನ್ನು ಹಂತಹಂತವಾಗಿ ಇಳಿಸುತ್ತ ಹೋದರು. ಸಿರಿಯನ್ ಈ ದಿನಗಳಲ್ಲಿ ಹೊಸ ಪೊಟ್ಟಣದ ಸೂರ್ಯಕಾಂತಿ ಬೀಜಗಳನ್ನು ಮೊದಲು ಆರಿಸಿ, ಗುಳಿಗೆಗಳನ್ನು ಬಟ್ಟಲಿನಲ್ಲೇ ಬಿಡತೊಡಗಿತು. ಅದಕ್ಕೆ ಮನೆಯವರು ಕಂಡುಕೊಂಡ ಉಪಾಯ ಚೆನ್ನಾಗಿತ್ತು: ಗುಳಿಗೆ ಖಾಲಿಯಾಗುವವರೆಗೆ ಬಟ್ಟಲನ್ನು ಮತ್ತೆ ತುಂಬಲಿಲ್ಲ.

ಪ್ರಾಣಿಗಳು ಇಷ್ಟು ಚೆನ್ನಾಗಿ ನಿಭಾಯಿಸಿರುವಾಗ ನವಣೆ-ಹುರಿಗಡಲೆಯನ್ನೇ ಕಾಯಂ ಮಾಡಬಾರದೇಕೆ, ಖರ್ಚೂ ಉಳಿಯುತ್ತದೆ ಎಂದು ಎರಡನೆಯ ಮಹಡಿಯ ಯಜಮಾನರು ಕೇಳಿದರು. ಎಂಟು ದಿನ ತೂಕ ಇಳಿಯಲಿಲ್ಲವೆಂದರೆ ಶಕ್ತಿ ಮತ್ತು ಪ್ರೋಟೀನು ಸಾಕಾಯಿತು ಎಂದಷ್ಟೇ ಅರ್ಥ. ಎ, ಡಿ, ಇ ಮತ್ತು ಬಿ12 ಜೀವಸತ್ವಗಳು, ಸುಣ್ಣ-ರಂಜಕಗಳ ಹೊಂದಾಣಿಕೆ ಇಂಥವುಗಳ ಕೊರತೆ ಎಂಟು ದಿನದಲ್ಲಿ ತೋರುವುದಿಲ್ಲ, ತಿಂಗಳುಗಟ್ಟಲೆ ಕಳೆದ ಮೇಲೆ ರೋಮ ಉದುರುವುದರಲ್ಲೋ ಮೂಳೆ ಸೊರಗುವುದರಲ್ಲೋ ತೋರುತ್ತದೆ. ಈ ಬಗೆಯ ಮಿಶ್ರಣಕ್ಕೆ ನಾನು ಕೊಡುವ ಗರಿಷ್ಠ ಅವಧಿ ಎರಡು ವಾರ. ಅದಾದ ಮೇಲೆ ಸಮತೋಲನ ಮಾಡಿದ ಆಹಾರ ಹೇಗಾದರೂ ಒದಗಬೇಕು. ನವಣೆಯನ್ನು ಮೇಲುತಿನಿಸಾಗಿ ಚಿಟಿಕೆಯಷ್ಟು ಉಳಿಸಿಕೊಳ್ಳಲು ಅಡ್ಡಿಯಿಲ್ಲ. ಎರಡೂ ಮನೆಯವರು ಆಮೇಲೆ ಅದನ್ನು ಹಾಗೆಯೇ ಉಳಿಸಿಕೊಂಡರು. ಕುಬ್ಜದ ಆಹಾರದ ಡಬ್ಬಿಯನ್ನು ನೆಲದ ಕಪಾಟಿನಿಂದ ಅಟ್ಟದ ಮೇಲಕ್ಕೆ ಸಾಗಿಸಲಾಗಿದ್ದು, ಡಬ್ಬಿಯಲ್ಲಿ ನೂರೈವತ್ತು ಗ್ರಾಂ ಉಳಿಯುವ ಮಟ್ಟಕ್ಕೆ ಹೊರಗಿನಿಂದ ಒಂದು ಗೆರೆ ಎಳೆದು, ಕಾಳು ಆ ಗೆರೆಗೆ ಇಳಿದ ದಿನವೇ ಹೊಸ ಪೊಟ್ಟಣ ತರಿಸತೊಡಗಿದರು.